ಮನೆ ಕಂಪ್ಯೂಟರಿಗೆ ವೈರಸ್ ಬರೋ ದಾರಿಗಳು, ಅವನ್ನ ಒಂದೊಂದಾಗಿ ಮುಚ್ಚೋದು ಹೇಗೆ

ಹೊಸ ಲ್ಯಾಪ್‌ಟಾಪ್ ತಗೊಂಡ ತಕ್ಷಣ ಎಲ್ರೂ ಕೇಳೋ ಪ್ರಶ್ನೆ ಒಂದೇ, "ಯಾವ ಆಂಟಿವೈರಸ್ ಹಾಕಿಸ್ಲಿ?" ಅಂಗಡಿಯೋರು ಒಂದು ಡಬ್ಬಿ ಕೊಡ್ತಾರೆ, ವರ್ಷಕ್ಕಿಷ್ಟು ಅಂತ ದುಡ್ಡು ತಗೋತಾರೆ, ಅಲ್ಲಿಗೆ ನಮ್ಮ ತಲೆನೋವು ಮುಗೀತು ಅಂತ ಅಂದ್ಕೋತೀವಿ. ಆದ್ರೆ ನೆಂಟರು, ಪಕ್ಕದ ಮನೆಯೋರು ಅಂತ ನನ್ನ ಹತ್ರ ಹಿಡ್ಕೊಂಡು ಬರೋ ಕಂಪ್ಯೂಟರ್‌ಗಳಲ್ಲಿ ಮುಕ್ಕಾಲು ಪಾಲು ಆಂಟಿವೈರಸ್ಸೂ ಇರತ್ತೆ, ವೈರಸ್ಸೂ ಇರತ್ತೆ. ಯಾಕಂದ್ರೆ ಬಹಳಷ್ಟು ಸಲ ಅದು ತಾನಾಗೇ ನುಗ್ಗಿ ಬಂದಿರಲ್ಲ, ಮನೆಯೋರೇ ಯಾರೋ ಡಬಲ್ ಕ್ಲಿಕ್ ಮಾಡಿ ಒಳಗೆ ಕರ್ಕೊಂಡಿರ್ತಾರೆ. ಹಾಗಾಗಿ ಇಲ್ಲಿ ಆಂಟಿವೈರಸ್ ಮಾತು ಸ್ವಲ್ಪ ತಡವಾಗೇ ಬರತ್ತೆ. ನಾನು ಹೇಳೋದು ವಿಂಡೋಸ್ 11 ಇಟ್ಕೊಂಡು, 10ರಲ್ಲೂ ಹೆಚ್ಚುಕಮ್ಮಿ ಇದೇ, ಮೆನು ಒಂದೆರಡು ಕಡೆ ಅತ್ಲಾಗಿತ್ಲಾಗೆ ಇರಬಹುದು.

ಮೊದಲು ಬ್ಯಾಕಪ್, ಆಮೇಲೆ ಉಳಿದಿದ್ದು

ಎಲ್ರೂ ಇದನ್ನ ಕೊನೇಲಿ ಹೇಳ್ತಾರೆ, ಅಷ್ಟರಲ್ಲಿ ಓದೋರಿಗೆ ಬೇಜಾರಾಗಿರತ್ತೆ, ಅದಕ್ಕೇ ಮೊದಲೇ ಹೇಳ್ಬಿಡ್ತೀನಿ. ವಿಂಡೋಸ್ ಹಾಳಾದ್ರೆ ಮತ್ತೆ ಹಾಕ್ಕೋಬಹುದು, ಮಗಳ ನಾಮಕರಣದ ಫೋಟೊ ಹೋದ್ರೆ ಹೋಯ್ತು ಅಷ್ಟೇ. ಅದ್ರಲ್ಲೂ ರಾನ್ಸಮ್‌ವೇರ್ ಅನ್ನೋ ಜಾತಿ ಬಂದ್ರೆ ಫೈಲ್‌ಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳತ್ತೆ. 2017ರ ಮೇ 12ಕ್ಕೆ ಹರಡಿದ ವಾನಾಕ್ರೈ ಒಂದೊಂದು ಕಂಪ್ಯೂಟರಿಗೆ 300 ಡಾಲರ್‌ನಷ್ಟು ಬಿಟ್‌ಕಾಯಿನ್ ಕೇಳ್ತಿತ್ತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟ್‌ಗಳೇ ರದ್ದಾಗಿಹೋದ್ವು.

ಮಾಡ್ಬೇಕಾಗಿರೋದು ಇಷ್ಟೇ: ಒಂದು ಹೊರಗಿನ ಹಾರ್ಡ್ ಡಿಸ್ಕ್ ತಗೊಳ್ಳಿ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಈ ಮೂರು ಫೋಲ್ಡರ್ ಅದಕ್ಕೆ ಕಾಪಿ ಮಾಡಿ, ಮುಗಿದ ಮೇಲೆ ಡಿಸ್ಕ್ ಕಿತ್ತು ಬೀರುವಲ್ಲಿಡಿ. ಕೀಳೋದೇ ಇದರಲ್ಲಿ ಮುಖ್ಯ. ಯಾವಾಗ್ಲೂ ಸಿಕ್ಕಿಸೇ ಇಟ್ಟಿರೋ ಡಿಸ್ಕು ಕಂಪ್ಯೂಟರಿಗೆ ಇನ್ನೊಂದು ಡ್ರೈವ್ ತರಾನೇ ಕಾಣತ್ತೆ, ರಾನ್ಸಮ್‌ವೇರ್ ಅದಕ್ಕೂ ಬೀಗ ಹಾಕತ್ತೆ. ತಿಂಗಳಿಗೊಂದ್ಸಲ ಮಾಡಿದ್ರೆ ಮನೆಗೆ ಸಾಕು. ಜಾಗ ಕಮ್ಮಿ ಬೇಕಾಗಿರೋ ಆಧಾರ್, ಮಾರ್ಕ್ಸ್ ಕಾರ್ಡ್, ಮನೆ ಪತ್ರದ ಸ್ಕ್ಯಾನ್ ಇಂಥವು ಗೂಗಲ್ ಡ್ರೈವ್‌ನಲ್ಲೂ ಒಂದು ಕಾಪಿ ಇರ್ಲಿ, 15 ಜಿಬಿ ಬಿಟ್ಟಿ ಸಿಗತ್ತಲ್ಲ.

ಫೈಲ್ ಹೆಸರಿನ ಬಾಲ ಕಾಣೋ ಹಾಗೆ ಮಾಡಿ

ಬಾಲ ಅಂದ್ರೆ ಫೈಲ್ ಹೆಸರಿನ ಕೊನೇ ಚುಕ್ಕಿ ಆದ್ಮೇಲೆ ಬರೋ ಅಕ್ಷರಗಳು, ಅದು ಯಾವ ಜಾತಿ ಫೈಲ್ ಅಂತ ಹೇಳೋದು ಅವೇ. ಅದನ್ನ ಕಾಣೋ ಹಾಗೆ ಮಾಡೋದು ಅರ್ಧ ನಿಮಿಷದ ಕೆಲಸ, ಆದ್ರೆ ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡೋದು ಇನ್ನೊಂದಿಲ್ಲ. ಯಾಕೆ ಅಂತ ಗೊತ್ತಾಗ್ಬೇಕಂದ್ರೆ 2000ನೇ ಇಸವಿಗೆ ಹೋಗ್ಬೇಕು. ಆ ವರ್ಷ ಮೇ 4ರಂದು ಫಿಲಿಪೀನ್ಸ್‌ನ ಮನಿಲಾದಿಂದ ಶುರುವಾಗಿ 'ಐ ಲವ್ ಯೂ' ಅನ್ನೋ ಸಬ್ಜೆಕ್ಟ್ ಇರೋ ಮೇಲ್ ಒಂದು ಪ್ರಪಂಚ ಎಲ್ಲ ಸುತ್ತಿತು. ಅದರ ಜೊತೆ ಇದ್ದ ಅಟ್ಯಾಚ್‌ಮೆಂಟ್ ಹೆಸರು 'ಲವ್ ಲೆಟರ್ ಫಾರ್ ಯೂ ಡಾಟ್ ಟಿಎಕ್ಸ್‌ಟಿ ಡಾಟ್ ವಿಬಿಎಸ್'. ಕೊನೇ ವಿಬಿಎಸ್ ಅಂದ್ರೆ ಅದು ಕಾಗದ ಅಲ್ಲ, ಓಡೋ ಸ್ಕ್ರಿಪ್ಟು. ಆದ್ರೆ ವಿಂಡೋಸ್ ತನಗೆ ಗೊತ್ತಿರೋ ಫೈಲ್‌ಗಳ ಬಾಲ ಬಚ್ಚಿಟ್ಟು ತೋರಿಸ್ತಿತ್ತು, ಜನಕ್ಕೆ ಕಂಡಿದ್ದು ಟಿಎಕ್ಸ್‌ಟಿವರೆಗೆ ಮಾತ್ರ. ಬರೀ ಟೆಕ್ಸ್ಟ್ ಫೈಲ್ ತಾನೇ ಅಂತ ತೆಗೆದ್ರು, ಅದು ಔಟ್‌ಲುಕ್ ಅಡ್ರೆಸ್ ಬುಕ್‌ನಲ್ಲಿ ಇದ್ದೋರಿಗೆಲ್ಲ ತನ್ನನ್ನೇ ಕಳಿಸ್ಕೊಂಡು, ಹೋಗ್ತಾ ಹೋಗ್ತಾ ಜೆಪಿಜಿ ಫೋಟೊಗಳ ಮೇಲೆಲ್ಲ ತನ್ನನ್ನೇ ಬರ್ಕೊಂಡು ಹಾಳ್ ಮಾಡ್ತು. ಅದನ್ನ ಬರೆದ ಹುಡುಗನಿಗೆ ಶಿಕ್ಷೆ ಕೂಡ ಆಗ್ಲಿಲ್ಲ, ಯಾಕಂದ್ರೆ ಅಲ್ಲಿ ಆಗ ಅದಕ್ಕೊಂದು ಕಾನೂನೇ ಇರ್ಲಿಲ್ಲ.

ಇಷ್ಟು ವರ್ಷ ಆದ್ರೂ ವಿಂಡೋಸ್ 11 ಇವತ್ತಿಗೂ ಆ ಬಾಲ ಬಚ್ಚಿಟ್ಟೇ ಬರತ್ತೆ, ಇದು ಯಾವ ಬುದ್ಧಿವಂತಿಕೆಯೋ ನಂಗಂತೂ ಅರ್ಥ ಆಗಿಲ್ಲ. ಫೈಲ್ ಎಕ್ಸ್‌ಪ್ಲೋರರ್ ತೆಗೀರಿ, ಮೇಲೆ 'ವ್ಯೂ' ಒತ್ತಿ, ಅದರ ಕೆಳಗೆ 'ಶೋ', ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಅಂತ ಇರತ್ತೆ, ಟಿಕ್ ಮಾಡಿ. ಇನ್ನು ಮೇಲೆ ಕರೆಂಟ್ ಬಿಲ್ ಅಂತ ಬಂದಿರೋ ಪಿಡಿಎಫ್‌ನ ಹಿಂದೆ ಡಾಟ್ ಇಎಕ್ಸ್‌ಇ ಇದ್ರೆ ಕಣ್ಣಿಗೆ ಹೊಡೆಯತ್ತೆ. ಐಕಾನ್ ನೋಡಿ ನಂಬಬೇಡಿ, ಇಎಕ್ಸ್‌ಇ ಫೈಲಿಗೆ ಪಿಡಿಎಫ್ ಐಕಾನ್ ಅಂಟಿಸೋದು ಮಕ್ಕಳಾಟ. ಕೊನೇಲಿ ಇಎಕ್ಸ್‌ಇ, ಎಸ್‌ಸಿಆರ್, ಜೆಎಸ್, ವಿಬಿಎಸ್, ಬ್ಯಾಟ್, ಎಚ್‌ಟಿಎ, ಎಲ್‌ಎನ್‌ಕೆ ಇವು ಯಾವುದಿದ್ರೂ ಮೇಲ್‌ನಲ್ಲಿ ಬಂದಿದ್ದು ಅಂದ್ರೆ ಮುಟ್ಟೋದೇ ಬೇಡ. ಬಿಲ್ಲು, ನೋಟೀಸು, ಮದುವೆ ಕರೆಯೋಲೆ, ಇವು ಯಾವ್ದಕ್ಕೂ ಆ ಬಾಲ ಇರೋಕೆ ಕಾರಣಾನೇ ಇಲ್ಲ. ಅಂದಹಾಗೆ ಎಲ್‌ಎನ್‌ಕೆ ಅನ್ನೋ ಶಾರ್ಟ್‌ಕಟ್ ಬಾಲ ಈ ಟಿಕ್ ಮಾಡಿದ್ರೂ ಕಾಣಲ್ಲ, ಅದನ್ನ ಐಕಾನ್ ಮೂಲೇಲಿರೋ ಚಿಕ್ಕ ಬಾಣದ ಗುರುತಿನಿಂದ ಹಿಡೀಬೇಕು, 'ಟೈಪ್' ಕಾಲಮ್‌ನಲ್ಲೂ ಶಾರ್ಟ್‌ಕಟ್ ಅಂತ ಬಂದಿರತ್ತೆ.

ಮೇಲ್: ಗೊತ್ತಿರೋರಿಂದ ಬಂದಿದೆ ಅನ್ನೋದು ಗ್ಯಾರಂಟಿ ಅಲ್ಲ

"ಗೊತ್ತಿಲ್ದೇ ಇರೋರ ಮೇಲ್ ತೆಗೀಬೇಡಿ" ಅನ್ನೋ ಸಲಹೆ ಎಲ್ಲ ಕಡೆ ಸಿಗತ್ತೆ, ನನಗೆ ಅದು ಅಪಾಯದ ಸಲಹೆ ಅನ್ಸತ್ತೆ, ಯಾಕಂದ್ರೆ ಅದರ ಇನ್ನೊಂದು ಅರ್ಧ ಜನ ತಾವೇ ತುಂಬ್ಕೋತಾರೆ, ಗೊತ್ತಿರೋರದ್ದು ಆದ್ರೆ ತೆಗೀಬಹುದು ಅಂತ. ಮೇಲ್ ವರ್ಮ್, ಅಂದ್ರೆ ಮೇಲ್ ಮೂಲಕ ತನ್ನನ್ನೇ ಕಳಿಸ್ಕೊಂಡು ಹರಡೋ ವೈರಸ್, ಬರೋದೇ ಗೊತ್ತಿರೋರಿಂದ. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ, ವರ್ಡ್ ಫೈಲ್ ಒಳಗೆ ಕೂತ್ಕೊಂಡು, ಅಡ್ರೆಸ್ ಬುಕ್‌ನ ಮೊದಲ 50 ಜನಕ್ಕೆ ಹೋಗ್ತಿತ್ತು. ಅವರಿಗೆಲ್ಲ ಕಂಡಿದ್ದು ಸಹೋದ್ಯೋಗಿ ಹೆಸರು, ಸ್ನೇಹಿತನ ಹೆಸರು. ಆಮೇಲೆ ಬಂದ ಕ್ಲೆಜ್ ಇನ್ನೂ ಕಿಲಾಡಿ, ಕಳಿಸಿದೋರ ಜಾಗದಲ್ಲಿ ಇನ್ನ್ಯಾರದೋ ಹೆಸರು ಹಾಕಿ ಕಳಿಸ್ತಿತ್ತು. ಅಂದ್ರೆ ನಿಮ್ಮ ಚಿಕ್ಕಪ್ಪನ ಹೆಸರಲ್ಲಿ ಮೇಲ್ ಬಂದಿದೆ ಅಂದ್ಕೊಳ್ಳಿ, ರೋಗ ಇರೋದು ಚಿಕ್ಕಪ್ಪನ ಕಂಪ್ಯೂಟರಿಗಲ್ಲ, ನಿಮ್ಮಿಬ್ಬರ ಅಡ್ರೆಸ್ಸೂ ಇಟ್ಕೊಂಡಿರೋ ಮೂರನೇ ಯಾರಿಗೋ. 2004ರ ಮೈಡೂಮ್ ಅಂತೂ "ನೀವು ಕಳಿಸಿದ ಮೇಲ್ ತಲುಪಲಿಲ್ಲ" ಅನ್ನೋ ವಾಪಸ್ ಮೇಲ್ ವೇಷದಲ್ಲೇ ಬಂತು, ಏನು ತಲುಪಲಿಲ್ಲ ನೋಡೋಣ ಅಂತ ಜನ ಅಟ್ಯಾಚ್‌ಮೆಂಟ್ ತೆಗೆದ್ರು.

ಹಾಗಾದ್ರೆ ನೋಡ್ಬೇಕಾಗಿರೋದು ಯಾರು ಕಳಿಸಿದ್ರು ಅನ್ನೋದಲ್ಲ, ಈ ಫೈಲಿಗೋಸ್ಕರ ನಾನು ಕಾಯ್ತಿದ್ನಾ ಅನ್ನೋದು. ಕಾಯ್ತಿರ್ಲಿಲ್ಲ ಅಂದ್ರೆ ಫೋನ್ ಮಾಡಿ ಕೇಳಿ, "ಚಿಕ್ಕಪ್ಪ, ಏನೋ ಜಿಪ್ ಫೈಲ್ ಕಳಿಸಿದ್ದೀರಲ್ಲ, ನೀವೇನಾ?" ಅಂತ. ಆ ಮೇಲ್‌ಗೇ ರಿಪ್ಲೈ ಮಾಡಿ ಕೇಳಬೇಡಿ, ಅಕೌಂಟೇ ಕಳ್ಳರ ಕೈಗೆ ಹೋಗಿದ್ರೆ "ಹೌದು ನಾನೇ" ಅಂತ ಅವರೇ ಉತ್ತರ ಕೊಡ್ತಾರೆ.

ಇನ್ಕಮ್ ಟ್ಯಾಕ್ಸ್ ರೀಫಂಡು, ಕೊರಿಯರ್ ನಿಂತಿದೆ, ಬ್ಯಾಂಕ್ ಕೆವೈಸಿ, ಇಂಥ ಮೇಲ್ ಬಂದಾಗ ಮೇಲ್ ಒಳಗಿನ ಲಿಂಕ್ ಒತ್ತೋ ಬದ್ಲು ಬ್ರೌಸರ್ ತೆಗೆದು ಆ ಸೈಟಿಗೆ ನೀವೇ ಹೋಗಿ ಲಾಗಿನ್ ಆಗಿ ನೋಡಿ. ರೀಫಂಡ್ ನಿಜವಾಗ್ಲೂ ಇದ್ರೆ ಅಲ್ಲೂ ಇರತ್ತೆ. ಮೇಲ್ ಮೇಲ್ಗಡೆ ಕಾಣೋ ಹೆಸರನ್ನ ಯಾರು ಏನು ಬೇಕಾದ್ರೂ ಬರ್ಕೋಬಹುದು, ಆ ಹೆಸರಿನ ಮೇಲೆ ಕ್ಲಿಕ್ ಮಾಡಿ ಹಿಂದಿರೋ ನಿಜವಾದ ಅಡ್ರೆಸ್ ನೋಡೋ ಅಭ್ಯಾಸ ಇಟ್ಕೊಳ್ಳಿ. ಅಡ್ರೆಸ್ ವಿಚಿತ್ರವಾಗಿದ್ರೆ ಅಲ್ಲಿಗೆ ಮುಗೀತು, ಸರಿಯಾಗೇ ಇದೆ ಅಂದ್ರೂ ಮೇಲಿನ ಪ್ರಶ್ನೆ ಕೇಳ್ಕೊಳ್ಳಿ.

ಎರಡು ಗುರುತು ಚೆನ್ನಾಗಿ ನೆನಪಿಡಿ. ಒಂದು, ಪಾಸ್‌ವರ್ಡ್ ಹಾಕಿದ ಜಿಪ್ಪು, ಅದರ ಪಾಸ್‌ವರ್ಡೂ ಅದೇ ಮೇಲ್‌ನಲ್ಲೇ ಬರ್ದಿರತ್ತೆ. ಬೀಗದ ಜೊತೆ ಕೀನೂ ಕಳಿಸೋದು ಯಾಕೆ? ಮೇಲ್ ಕಂಪನಿಯ ಸ್ಕ್ಯಾನರ್‌ಗೆ ಒಳಗೇನಿದೆ ಅಂತ ಕಾಣದ ಹಾಗೆ ಮಾಡೋಕೆ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಪಾಸ್‌ವರ್ಡ್ ಇರತ್ತೆ ನಿಜ, ಆದ್ರೆ ಅದು ಪಿಡಿಎಫ್, ಪಾಸ್‌ವರ್ಡು ನಿಮ್ಮ ಹುಟ್ಟಿದ ದಿನಾನೋ ಪ್ಯಾನೋ ಆಗಿರತ್ತೆ. ಎರಡು, ವರ್ಡ್ ಅಥವಾ ಎಕ್ಸೆಲ್ ತೆಗೆದಾಗ ಮೇಲೆ ಪಟ್ಟಿ ಬಂದು 'ಎನೇಬಲ್ ಕಂಟೆಂಟ್' ಒತ್ತಿ ಅನ್ನೋದು. ಮೆಲಿಸ್ಸಾ ಕಾಲದಿಂದ ನಡೀತಿರೋ ಆಟ ಇದು, ಇಂಟರ್ನೆಟ್‌ನಿಂದ ಬಂದ ಫೈಲ್‌ಗಳಲ್ಲಿ ಮ್ಯಾಕ್ರೊ (ಫೈಲ್ ಒಳಗೇ ಕೂತು ಓಡೋ ಪುಟ್ಟ ಪ್ರೋಗ್ರಾಮ್) ತಾನಾಗೇ ನಿಲ್ಲೋ ಹಾಗೆ ಮೈಕ್ರೋಸಾಫ್ಟ್ ಮಾಡಿದ್ದು 2022ರಲ್ಲಿ. ಹಳೇ ಆಫೀಸ್ ಇಟ್ಕೊಂಡಿರೋರಿಗೆ ಆ ರಕ್ಷಣೆ ಇಲ್ಲದೇನೂ ಇರಬಹುದು. ಮನೇಲಿ ಮ್ಯಾಕ್ರೊ ಬೇಕಾಗೋ ಸಂದರ್ಭ ನಾನಂತೂ ನೋಡಿಲ್ಲ, ಒತ್ತಬೇಡಿ ಅಷ್ಟೇ.

ಪೆನ್ ಡ್ರೈವ್ ಮತ್ತು ಜೆರಾಕ್ಸ್ ಅಂಗಡಿ

ಮೇಲ್ ವರ್ಮ್ ಜಾಸ್ತಿ ಆಫೀಸಿನೋರ ಕಷ್ಟ ಇರಬಹುದು, ನಮ್ಮ ಊರುಗಳಲ್ಲಿ ಮನೆಮನೆಗೆ ವೈರಸ್ ಹಂಚಿರೋದು ಪೆನ್ ಡ್ರೈವು. ಪ್ರಿಂಟ್ ತೆಗೆಸೋಕೆ ಅಂತ ಡಿಟಿಪಿ ಸೆಂಟರ್‌ಗೆ ತಗೊಂಡ್ ಹೋಗ್ತೀರಿ, ಅಲ್ಲಿನ ಕಂಪ್ಯೂಟರಿಗೆ ಊರೋರೆಲ್ಲರ ಪೆನ್ ಡ್ರೈವ್ ಬಿದ್ದಿರತ್ತೆ. ಮನೆಗೆ ಬಂದು ಸಿಕ್ಕಿಸಿದ್ರೆ ನಿಮ್ಮ ಫೋಲ್ಡರ್‌ಗಳೆಲ್ಲ ಇವೆ, ಆದ್ರೆ ಪ್ರತಿಯೊಂದರ ಮೂಲೇಲಿ ಆ ಚಿಕ್ಕ ಬಾಣ, ಸೈಜ್ ನೋಡಿದ್ರೆ ಒಂದೆರಡು ಕೆಬಿ. ಇದೇ ಶಾರ್ಟ್‌ಕಟ್ ವೈರಸ್. ನಿಜವಾದ ಫೋಲ್ಡರ್ ಎಲ್ಲೂ ಹೋಗಿಲ್ಲ, ಬಚ್ಚಿಟ್ಟಿದೆ. ಶಾರ್ಟ್‌ಕಟ್ ಮೇಲೆ ನೀವು ಡಬಲ್ ಕ್ಲಿಕ್ ಮಾಡಿದ್ರೆ ಮೊದಲು ವೈರಸ್ ಓಡತ್ತೆ, ಆಮೇಲೆ ಫೋಲ್ಡರ್ರೂ ತೆಗೆಯತ್ತೆ, ಹಾಗಾಗಿ ಏನೋ ಆಯ್ತು ಅಂತ ಗೊತ್ತೂ ಆಗಲ್ಲ.

ಈಗ ಏನ್ ಮಾಡ್ಬೇಕು ಅಂದ್ರೆ, ಯಾವ ಶಾರ್ಟ್‌ಕಟ್ಟೂ ಮುಟ್ಟಬೇಡಿ. 'ದಿಸ್ ಪಿಸಿ'ಯಲ್ಲಿ ಪೆನ್ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಸ್ಕ್ಯಾನ್ ಮಾಡಿ. ಆಮೇಲೆ ಎಕ್ಸ್‌ಪ್ಲೋರರ್ ಮೇಲಿರೋ ಮೂರು ಚುಕ್ಕಿ ಒತ್ತಿ 'ಆಪ್ಷನ್ಸ್', ಅದರಲ್ಲಿ 'ವ್ಯೂ' ಟ್ಯಾಬು. ಅಲ್ಲಿ 'ಶೋ ಹಿಡನ್ ಫೈಲ್ಸ್' ಆಯ್ಕೆ ಮಾಡಿ, ಅದೊಂದೇ ಸಾಕಾಗಲ್ಲ, ಸ್ವಲ್ಪ ಕೆಳಗೆ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಅಂತ ಟಿಕ್ ಆಗಿರತ್ತೆ, ಅದನ್ನ ತೆಗೀರಿ, ವಿಂಡೋಸ್ ಹೆದರಿಸತ್ತೆ, ಎಸ್ ಅನ್ನಿ. ಈ ವೈರಸ್ ನಿಮ್ಮ ಫೋಲ್ಡರ್‌ಗೆ ಸಿಸ್ಟಮ್ ಫೈಲ್ ಅಂತ ಮುದ್ರೆ ಒತ್ತಿರತ್ತೆ, ಅದಕ್ಕೇ ಮೊದಲನೇ ಟಿಕ್ ಒಂದಕ್ಕೇ ಕಾಣಲ್ಲ. ಈಗ ಮಸುಕು ಬಣ್ಣದಲ್ಲಿ ನಿಜವಾದ ಫೋಲ್ಡರ್ ಕಾಣತ್ತೆ. ಅದರೊಳಗಿರೋ ನಿಮ್ಮ ಫೈಲ್‌ಗಳನ್ನ ಮಾತ್ರ ಕಾಪಿ ಮಾಡ್ಕೊಂಡು, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ ವಾಪಸ್ ಹಾಕಿ. ಇನ್ನು ಮುಂದೆ ಪ್ರಿಂಟಿಗೆ ಅಂತಾನೇ ಒಂದು ಖಾಲಿ ಪೆನ್ ಡ್ರೈವ್ ಇಟ್ಕೊಳ್ಳಿ, ಅದರಲ್ಲಿ ಪ್ರಿಂಟ್ ತೆಗೆಸೋ ಪಿಡಿಎಫ್ ಬಿಟ್ರೆ ಬೇರೇನೂ ಬೇಡ.

ಕ್ರ್ಯಾಕ್ ಸಾಫ್ಟ್‌ವೇರ್

ಕ್ರ್ಯಾಕ್ ಅಂದ್ರೆ ದುಡ್ಡು ಕೊಟ್ಟು ತಗೋಬೇಕಾದ ಸಾಫ್ಟ್‌ವೇರಿನ ಬೀಗ ಮುರಿದು ಹಂಚೋದು: ಬಿಟ್ಟಿ ಆಫೀಸು, ಬಿಟ್ಟಿ ಫೋಟೋಶಾಪು, ವಿಂಡೋಸ್ ಆಕ್ಟಿವೇಟರು. ಇವುಗಳ ಜೊತೆ ಒಂದು ರೀಡ್‌ಮೀ ಇರತ್ತೆ, ಅದರ ಮೊದಲ ಸಾಲೇ "ಇನ್‌ಸ್ಟಾಲ್ ಮಾಡೋ ಮುಂಚೆ ಆಂಟಿವೈರಸ್ ಆಫ್ ಮಾಡಿ". ಮನೆಗೆ ಬಂದ ಅಪರಿಚಿತ "ಮೊದ್ಲು ನಿಮ್ಮ ನಾಯಿ ಕಟ್ಟಿಹಾಕಿ" ಅಂದ ಹಾಗೆ. ಲಿಬ್ರೆ ಆಫೀಸ್ ಬಿಟ್ಟಿ, ಬ್ರೌಸರ್‌ನಲ್ಲಿ ಮೈಕ್ರೋಸಾಫ್ಟ್‌ನದೇ ವರ್ಡ್, ಎಕ್ಸೆಲ್ ಬಿಟ್ಟಿ, ಮನೆ ಕೆಲಸಕ್ಕೆ ಅಷ್ಟು ಸಾಕು.

ಕನ್ನಡದೋರಿಗೆ ಇದರಲ್ಲೊಂದು ಬೇರೆ ಗುಂಡಿ ಇದೆ. ಕನ್ನಡ ಟೈಪ್ ಮಾಡೋಕೆ ನುಡಿ ಬೇಕು, ಬರಹ ಬೇಕು ಅಂತ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕ ಸೈಟಿನ ದೊಡ್ಡ ಹಸಿರು 'ಡೌನ್‌ಲೋಡ್' ಬಟನ್ ಒತ್ತೋದು, ಅದು ಹೆಚ್ಚಾಗಿ ಜಾಹೀರಾತಿನ ಬಟನ್ ಆಗಿರತ್ತೆ. ನುಡಿ ಬೇಕಿದ್ರೆ ಕನ್ನಡ ಗಣಕ ಪರಿಷತ್ತಿನ ಸೈಟಿಂದಾನೇ ತಗೊಳ್ಳಿ. ಬರೀ ಯೂನಿಕೋಡ್‌ನಲ್ಲಿ ಟೈಪ್ ಮಾಡೋದಾದ್ರೆ ಏನೂ ಡೌನ್‌ಲೋಡೇ ಬೇಡ, ಸೆಟ್ಟಿಂಗ್ಸ್‌ನಲ್ಲಿ 'ಟೈಮ್ ಅಂಡ್ ಲ್ಯಾಂಗ್ವೇಜ್'ಗೆ ಹೋಗಿ ಕನ್ನಡ ಸೇರಿಸಿದ್ರೆ ಕೀಬೋರ್ಡ್ ಬರತ್ತೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೋ ಫೊನೆಟಿಕ್ ಕೂಡ 2019ರಿಂದ ವಿಂಡೋಸ್ ಒಳಗೇ ಇದೆ.

ಬ್ರೌಸರ್‌ನ ನಾಟಕಗಳು

"ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇದೆ" ಅಂತ ಬಲಗಡೆ ಮೂಲೇಲಿ ಗಂಟೆಗೊಂದ್ಸಲ ಬರ್ತಿದ್ರೆ ತೊಂಬತ್ತು ಪಾಲು ಅದು ವೈರಸ್ಸೇ ಅಲ್ಲ, ಯಾವುದೋ ಸಿನಿಮಾ ಡೌನ್‌ಲೋಡ್ ಸೈಟು ನೋಟಿಫಿಕೇಷನ್ ಕಳಿಸ್ಲಾ ಅಂತ ಕೇಳಿದಾಗ 'ಅಲೋ' (ಅನುಮತಿ) ಒತ್ತಿದ್ರ ಫಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, 'ಪ್ರೈವಸಿ ಅಂಡ್ ಸೆಕ್ಯುರಿಟಿ', 'ಸೈಟ್ ಸೆಟ್ಟಿಂಗ್ಸ್', 'ನೋಟಿಫಿಕೇಷನ್ಸ್', ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರತ್ತೆ, ಗುರುತಿಲ್ಲದ್ದೆಲ್ಲ ತೆಗೆದುಹಾಕಿ. ಸ್ಕ್ರೀನ್ ಪೂರ್ತಿ ಕೆಂಪಾಗಿ, ಸೈರನ್ ಕೂಗಿ, ಈ ನಂಬರ್‌ಗೆ ಫೋನ್ ಮಾಡಿ ಅಂದ್ರೆ ಆಲ್ಟ್ ಜೊತೆ ಎಫ್4 ಒತ್ತಿ, ಆಗ್ಲಿಲ್ಲ ಅಂದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ. ಆ ನಂಬರ್‌ಗೆ ಫೋನ್ ಮಾತ್ರ ಮಾಡ್ಬೇಡಿ.

ಇತ್ತೀಚೆಗೆ ನಂಗೆ ಜಾಸ್ತಿ ಭಯ ಹುಟ್ಟಿಸಿರೋದು ಇನ್ನೊಂದು. 'ನಾನು ರೋಬೋಟ್ ಅಲ್ಲ' ಅಂತ ಟಿಕ್ ಮಾಡೋ ಡಬ್ಬಿ ಬರತ್ತೆ, ಟಿಕ್ ಮಾಡಿದ್ರೆ "ಖಾತ್ರಿಗೋಸ್ಕರ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್" ಅನ್ನತ್ತೆ. ಟಿಕ್ ಮಾಡಿದಾಗ್ಲೇ ಅದು ಗೊತ್ತಿಲ್ದ ಹಾಗೆ ಒಂದು ಕಮಾಂಡ್ ಕಾಪಿ ಮಾಡಿರತ್ತೆ, ನೀವು ನಿಮ್ಮ ಕೈಯಾರೆ ಅದನ್ನ ಓಡಿಸ್ತೀರಿ, ಅದು ಹೋಗಿ ಬ್ರೌಸರ್‌ನಲ್ಲಿ ಸೇವ್ ಆಗಿರೋ ಪಾಸ್‌ವರ್ಡೆಲ್ಲ ಗುಡಿಸಿ ತಗೊಂಡು ಹೋಗೋ ಪ್ರೋಗ್ರಾಮ್ ತರತ್ತೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ ಅಂತ ಯಾವ ವೆಬ್‌ಸೈಟೂ ಕೇಳೋಕೆ ಕಾರಣ ಇಲ್ಲ. ಮನೇಲಿ ಕಂಪ್ಯೂಟರ್ ಮುಟ್ಟೋ ಎಲ್ರಿಗೂ, ಅಜ್ಜಿಗೂ ಸೇರಿಸಿ, ಇದೊಂದನ್ನ ಹೇಳಿಡಿ.

ಅಪ್‌ಡೇಟ್, ಆಂಟಿವೈರಸ್, ಅಕೌಂಟು

ಕ್ಲಿಕ್ಕೇ ಇಲ್ದೆ ನುಗ್ಗೋ ವರ್ಮ್‌ಗಳೂ ಇವೆ ನಿಜ, ಅವಕ್ಕೆ ಮದ್ದು ಅಪ್‌ಡೇಟ್. 2003ರ ಆಗಸ್ಟಲ್ಲಿ ಬ್ಲಾಸ್ಟರ್ ಬಂದಾಗ ನೆಟ್ ಕನೆಕ್ಟ್ ಮಾಡಿದ್ರೆ ಸಾಕು, ಅರವತ್ತು ಸೆಕೆಂಡ್ ಎಣಿಸಿ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತಿತ್ತು, ಅದಕ್ಕೆ ಪ್ಯಾಚ್, ಅಂದ್ರೆ ಆ ತೂತು ಮುಚ್ಚೋ ಅಪ್‌ಡೇಟ್, ಜುಲೈನಲ್ಲೇ ಬಂದಿತ್ತು. ವಾನಾಕ್ರೈ ಬಂದಿದ್ದು ಮೇ, ಪ್ಯಾಚ್ ಬಂದಿದ್ದು ಮಾರ್ಚ್ 14. ಹಾಕ್ಕೊಂಡಿದ್ದೋರು ನೆಮ್ಮದಿಯಾಗಿ ಮಲ್ಕೊಂಡ್ರು. ಡೇಟಾ ಖರ್ಚಾಗತ್ತೆ ಅಂತ ಅಪ್‌ಡೇಟ್ ನಿಲ್ಲಿಸೋ ಕಾಲ ಹೋಯ್ತು. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮ ಮಷೀನು 11ಕ್ಕೆ ಹೋಗೋದಾದ್ರೆ ಹೋಗಿ. ಹಳೇ ಮಷೀನು, ಬರೀ ಬ್ರೌಸಿಂಗ್ ಅಂದ್ರೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಬಿಟ್ಟಿ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ, ವಿಂಡೋಸ್ ವೈರಸ್ಸುಗಳ ಕಾಟವೇ ಅಲ್ಲಿಗೆ ತಪ್ಪತ್ತೆ.

ಆಂಟಿವೈರಸ್ ಅಂದ್ರೆ ವಿಂಡೋಸ್ ಜೊತೆ ಬರೋ ಡಿಫೆಂಡರ್ ಮನೆಗೆ ಸಾಕು ಅಂತ ನನ್ನ ಅಭಿಪ್ರಾಯ. ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಅವಧಿ ಮುಗಿದು "ರಿನ್ಯೂ ಮಾಡಿ" ಅಂತ ಗೋಳಾಡ್ತಿದ್ರೆ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ತಾನಾಗೇ ಎದ್ದು ಕೂರತ್ತೆ. ದುಡ್ಡು ಕೊಟ್ಟು ತಗೊಂಡಿದ್ದೀರಾ, ಇರ್ಲಿ, ಆದ್ರೆ ಎರಡೆರಡು ಹಾಕ್ಬೇಡಿ, ಒಂದಕ್ಕೊಂದು ಕಚ್ಚಾಡ್ತವೆ. 'ವಿಂಡೋಸ್ ಸೆಕ್ಯುರಿಟಿ' ತೆಗೆದು 'ರಿಯಲ್ ಟೈಮ್ ಪ್ರೊಟೆಕ್ಷನ್' ಮತ್ತು 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇದ್ಯಾ ನೋಡಿ. ಅದರ ಕೆಳಗೆ 'ರಾನ್ಸಮ್‌ವೇರ್ ಪ್ರೊಟೆಕ್ಷನ್' ಒಳಗೆ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅಂತಿದೆ, ಮಾಮೂಲಾಗಿ ಆಫ್ ಇರತ್ತೆ, ಆನ್ ಮಾಡಿದ್ರೆ ಗುರುತಿಲ್ಲದ ಪ್ರೋಗ್ರಾಮ್ ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರ್‌ನ ಮುಟ್ಟೋಕೆ ಬಿಡಲ್ಲ. ಆಗಾಗ ಒಳ್ಳೇ ಪ್ರೋಗ್ರಾಮನ್ನೂ ತಡೆಯತ್ತೆ, ಆಗ ಅಲ್ಲೇ ಅನುಮತಿ ಕೊಡಬಹುದು.

ಮಕ್ಕಳು ಗೇಮ್ ಆಡೋ ಮನೆ ಆದ್ರೆ ಅವರಿಗೆ ಅಡ್ಮಿನ್ ಅಧಿಕಾರ ಇಲ್ಲದ ಸ್ಟ್ಯಾಂಡರ್ಡ್ ಅಕೌಂಟ್ ಮಾಡ್ಕೊಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ರ ಇರ್ಲಿ. ವೈಫೈ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಅಂತಾನೇ ಇದ್ರೆ ಇವತ್ತೇ ಬದಲಾಯಿಸಿ.

ಇಷ್ಟಾದ್ರೂ ಬಂದೇಬಿಟ್ರೆ

ಮೊದಲು ನೆಟ್ ಕಟ್ ಮಾಡಿ, ವೈಫೈ ಆಫ್, ಕೇಬಲ್ ಇದ್ರೆ ಕೀಳಿ. ಬ್ಯಾಕಪ್ ಡಿಸ್ಕ್ ಈಗ ಮಾತ್ರ ಸಿಕ್ಕಿಸಬೇಡಿ. 'ವಿಂಡೋಸ್ ಸೆಕ್ಯುರಿಟಿ'ಯಲ್ಲಿ 'ಸ್ಕ್ಯಾನ್ ಆಪ್ಷನ್ಸ್'ಗೆ ಹೋಗಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಕೊಡಿ, ಕಂಪ್ಯೂಟರ್ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಏಳೋ ಮುಂಚೇನೇ ಸುಮಾರು 15 ನಿಮಿಷ ಹುಡುಕತ್ತೆ, ಬಚ್ಚಿಟ್ಕೊಳ್ಳೋ ವೈರಸ್ಸಿಗೆ ಇದು ಮಾಮೂಲಿ ಸ್ಕ್ಯಾನ್‌ಗಿಂತ ವಾಸಿ. ಅಷ್ಟರಲ್ಲಿ ಫೋನಿಂದ, ಆ ಕಂಪ್ಯೂಟರಿಂದ ಅಲ್ಲ, ಮೇಲ್ ಪಾಸ್‌ವರ್ಡ್ ಮೊದಲು, ಬ್ಯಾಂಕಿಂದು ಆಮೇಲೆ ಬದಲಾಯಿಸಿ, 'ಎಲ್ಲ ಡಿವೈಸ್‌ನಿಂದ ಸೈನ್ ಔಟ್' ಕೊಡಿ. ಬರೀ ಪಾಸ್‌ವರ್ಡ್ ಬದಲಾಯಿಸಿದ್ರೆ ಸಾಲದು, ಕದ್ದಿರೋ ಲಾಗಿನ್ ಇನ್ನೂ ಬದುಕಿರಬಹುದು. ದುಡ್ಡು ಹೋಗಿದ್ರೆ ಒಂದು ನಿಮಿಷ ತಡ ಮಾಡ್ದೆ ಸೈಬರ್ ವಂಚನೆಯ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಮಾಡಿದ್ರೆ ಅಷ್ಟು ಬೇಗ ಆ ದುಡ್ಡನ್ನ ಮಧ್ಯದಲ್ಲೇ ತಡೆಯೋಕಾಗತ್ತೆ. ಫೈಲಿಗೆಲ್ಲ ಬೀಗ ಬಿದ್ದಿದ್ರೆ ದುಡ್ಡು ಕೊಡೋ ಮುಂಚೆ 'ನೋ ಮೋರ್ ರಾನ್ಸಮ್' ಅನ್ನೋ ಸೈಟ್ ನೋಡಿ, ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್‌ಲೆಂಡ್ಸ್ ಪೊಲೀಸರು ಮತ್ತು ಇತರರು ಸೇರಿ 2016ರಲ್ಲಿ ಶುರು ಮಾಡಿದ್ದು, ಕೆಲವು ಜಾತಿಗೆ ಬಿಟ್ಟಿ ಕೀ ಅಲ್ಲೇ ಇದೆ.

ಪಾಸ್‌ವರ್ಡ್ ಕದಿಯೋದೋ ರಾನ್ಸಮ್‌ವೇರೋ ಅಂತ ಖಾತ್ರಿ ಆದ್ರೆ ಸ್ಕ್ಯಾನ್ ಮಾಡಿ ಸರಿಹೋಯ್ತು ಅಂತ ಸುಮ್ನಾಗಬೇಡಿ, ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಸೈಟಿಂದ ಮೀಡಿಯಾ ಕ್ರಿಯೇಷನ್ ಟೂಲ್ ತಗೊಂಡು ಅದರಿಂದ ವಿಂಡೋಸ್ ಹಾಕೋ ಪೆನ್ ಡ್ರೈವ್ ಮಾಡಿ, ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ. ಅಪ್‌ಡೇಟೆಲ್ಲ ಮುಗಿದ ಮೇಲೆ ಬ್ಯಾಕಪ್ ಡಿಸ್ಕ್ ಸಿಕ್ಕಿಸಿ ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಫೋಟೊ, ಪಿಡಿಎಫ್, ಡಾಕ್ಯುಮೆಂಟ್ ಮಾತ್ರ ವಾಪಸ್ ತನ್ನಿ. 'ಸೆಟಪ್ಸ್' ಅಂತ ಹೆಸರಿಟ್ಟು ವರ್ಷಗಟ್ಟಲೆ ಗುಡ್ಡೆ ಹಾಕಿರೋ ಆ ಹಳೇ ಫೋಲ್ಡರ್ ತರಬೇಡಿ, ರೋಗ ಅಲ್ಲಿಂದಾನೇ ಬಂದಿರೋ ಸಾಧ್ಯತೆ ಇದೆ.